ರಂಗನತಿಟ್ಟಿನಲ್ಲಿ ನೆಂಟರೊಡನೆ

ಕಳೆದ ಮಾಘಮಾಸದಲ್ಲಿ ನಮ್ಮ ಅಕ್ಕನವರು ಮೊಮ್ಮಗನೊಡನೆ ಮೈಸೂರಿಗೆ ದಯಮಾಡಿಸಿದ್ದರು. ಅರಮನೆ, ಚಾಮುಂಡಿಬೆಟ್ಟಗಳ ದರ್ಶನವಾದ ಮೇಲೆ ಅವರನ್ನು ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿಗೆ ಕರೆದೊಯ್ದೆವು.

ಸುಮಾರು 1645-48ರಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡಲಾಗಿ ಕಟ್ಟಿಸಿದ ಒಡ್ಡಿನಿಂದ ಈ ತಿಟ್ಟುಗಳು ಉಂಟಾದುವು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಮೈಸೂರು ಸರ್ಕಾರವು ಇವನ್ನು ಪಕ್ಷಿಧಾಮವೆಂದು ಘೋಷಿಸಿತು.

ಅಕ್ಕನವರಿಗೆ ನೀರೆಂದರೆ ಅಂಜಿಕೆ. ನಾವು ನಕ್ಕು, ಬಲವಂತದಿಂದ ದೋಣಿ ಹತ್ತಿಸಿದೆವು. ನೀರಿಗೆ ಕೈಯಿಳಿಸಬಾರದೆಂದು ಅಂಬಿಗನು ಮೊದಲೇ ಎಚ್ಚರಿಸಿದ್ದನು. ಆದರೆ ಮರಗಳ ಮೇಲೆ ಗೂಡು ಕಟ್ಟಿದ್ದ ಬಣ್ಣದ ಕೊಕ್ಕರೆಗಳನ್ನು ನೋಡುತ್ತ ನಾವು ಮೈಮರೆತೆವು. ಅಷ್ಟರಲ್ಲಿ ಮಗುವು ಮೆಲ್ಲನೆ ಕೈಯನ್ನು ನೀರಿಗೆ ಇಳಿಬಿಟ್ಟಿತು. ಅಕ್ಕನವರು ತಟಕ್ಕನೆ ಹಿಡಿದೆಳೆದರು. ಸಮೀಪದ ಬಂಡೆಯ ಮೇಲೆ ಮೊಸಳೆಯೊಂದು ಬಾಯ್ದೆರೆದು ಬಿಸಿಲು ಕಾಯುತ್ತಿತ್ತು!

“ನೀವೆಲ್ಲ ಮೇಲೆ ನೋಡುತ್ತಿದ್ದಿರಿ, ನಾನು ಹೆದರಿ ನೀರನ್ನೇ ನೋಡುತ್ತಿದ್ದೆ” ಎಂದರು ಅಕ್ಕನವರು.

ನೆಂಟರಿಗೆ ಊರು ತೋರಿಸುವ ಉತ್ಸಾಹದಲ್ಲಿ ಯಾವ ಅಂಜಿಕೆಯನ್ನು ನಾವು ನಗೆಗೀಡುಮಾಡಿದ್ದೆವೋ ಆ ಅಂಜಿಕೆಯೇ ಅಂದು ಮನೆಯ ಕೂಸನ್ನು ಕಾಯಿತು. ದಡ ಸೇರಿದಾಗ ಅಕ್ಕನವರ ಕೈಹಿಡಿದು ಇಳಿಸಿದೆವು. ಆದರೆ ನಡುಗುತ್ತಿದ್ದುದು ನಮ್ಮ ಕೈ.