ಖಳನಿಗೂ ಉಂಟು ನಿಯತ್ತು!

ಯಲಿಯೂರಲ್ಲಿ 'ಕುರುಕ್ಷೇತ್ರ' ನಾಟಕ ನೋಡುತ್ತಾ ಬೆಳೆದೋನು ನಾನು. ಹಾಗಾಗಿ 'ಸ್ಟಾರ್ ವಾರ್ಸ್' ಚಿತ್ರಗಳ ಡಾರ್ತ್ ವೇಡರ್‌ನನ್ನು ಕಂಡಾಗಲೆಲ್ಲ ಕರ್ಣ ನೆನಪಾಗುತ್ತಾನೆ. ಇಬ್ಬರೂ ಅಧರ್ಮದ ಬಲಗೈ ಬಂಟರೇ!

ಹೆಂಡತಿ ಸಾಯ್ತಾಳೆಂಬ ಭಯಕ್ಕೆ ವೇಡರ್ ಚಕ್ರವರ್ತಿಗೆ ಮಂಡಿಯೂರಿದ ಕಥೆ 2005ರ ಚಿತ್ರದಲ್ಲಿದೆ. 1983ರ 'ರಿಟರ್ನ್ ಆಫ್ ದಿ ಜೆಡೈ'ನಲ್ಲಿ ಮಗ ಲ್ಯೂಕ್ ನರಳೋದು ನೋಡಲಾರದೆ ಅದೇ ಚಕ್ರವರ್ತಿಯನ್ನು ಎತ್ತಿ ಎಸೆದ. ಹೆಂಡತಿಗಾಗಿ ಬಗ್ಗಿದೋನು ಮಗನಿಗಾಗಿ ಎದ್ದ! ಕರ್ಣನದೋ ಅನ್ನದ ಋಣ. ಹೆತ್ತ ತಾಯಿಯೇ ಬಂದು ಕರೆದರೂ ದುರ್ಯೋಧನನ ಕೈಬಿಡಲಿಲ್ಲ.

ಕೆಲಸ ಕೊಟ್ಟ ಧಣಿಯ ತಪ್ಪು ಕಂಡೂ ಬಾಯಿ ಮುಚ್ಚಿಕೊಂಡಿದ್ದೆ ಒಮ್ಮೆ. 'ನಾನೂ ಕರ್ಣನೇ' ಅಂತ ಬೀಗಿದ್ದೆ. ಈಗ ಅನಿಸುತ್ತೆ, ನನ್ನದು ಋಣವಲ್ಲ, ವೇಡರ್‌ನ ಭಯ. ಆದರೆ ಕೊನೆಗೆ ಅವನಿಗೆ ಬಂದ ಗುಂಡಿಗೆ ನನಗೆ ಬರಲಿಲ್ಲ.

ನಿಮ್ಮ ಓಟು ಯಾರಿಗೆ, ಗೆಳೆಯರೇ?