ಕತ್ತಲೆಯ ಬಳಗ

ಕತ್ತಲೆಗೆ ಬಣ್ಣ ಎಲ್ಲೆಡೆಗೂ ಒಂದೇ. ಹೆಸರು ಮಾತ್ರ ಊರಿಗೊಂದು. ಈ ಹೆಸರುಗಳೊಳಗೂ ಅಣ್ಣತಮ್ಮಂದಿರಿದ್ದಾರೆ, ದಾಯಾದಿಗಳಿದ್ದಾರೆ, ಬರಿಯ ನೆರೆಹೊರೆಯವರೂ ಇದ್ದಾರೆ. ಅದನ್ನು ಎಣಿಸಿ ನೋಡುವಂತೆ ಮಾಡಿದವಳು ಆರು ವರ್ಷದ ನನ್ನ ಮೊಮ್ಮಗಳು.

ಮಗನ ಸಂಸಾರ ಪ್ರಾಗ್ ನಗರದಲ್ಲಿದೆ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ 4 ಗಂಟೆಗೇ ಹೊತ್ತು ಮುಳುಗುತ್ತದೆ. ಹುಬ್ಬಳ್ಳಿಯಲ್ಲಿ ನಾವು ಊಟ ಮುಗಿಸಿ ಕೂತಾಗ ಫೋನಿನಲ್ಲಿ ಅವಳ ಮುಖ.

"ಅಜ್ಜಾ, ಹೊರಗ ತ್ಮಾ ಆಗೇದ," ಅಂದಳು.

ಮಾತೆಲ್ಲ ನಮ್ಮ ಕಡೆಯದು. ನಡುವಿನ ಒಂದು ಶಬ್ದ ಅವಳ ಶಾಲೆಯದು. ಚೆಕ್ ಭಾಷೆಯಲ್ಲಿ 'ತ್ಮಾ' ಎಂದರೆ ಕತ್ತಲೆ.

ಕೇಳಿ ನನಗೆ ಹಿಗ್ಗಾಯಿತು. ಇದು ಸಂಸ್ಕೃತದ 'ತಮಸ್ಸಿ'ನ ಬಂಧುವಲ್ಲವೇ! ರಷ್ಯನ್ನರ 'ತ್ಮಾ', ಲಿಥುವೇನಿಯದವರ 'ತಮ್ಸಾ', ಲ್ಯಾಟಿನ್ನಿನ 'ತೆನೆಬ್ರೈ', ಮುಸ್ಸಂಜೆಗೆ ಜರ್ಮನರು ಅನ್ನುವ 'ಡೆಮ್ಮರುಂಗ್', ಎಲ್ಲ ಒಂದೇ ವಂಶ. ಪೋಲೆಂಡಿನಲ್ಲಂತೂ ದೀಪಕ್ಕೆ ಬಂದು ಬೀಳುವ ಪತಂಗದ ಹೆಸರಾಗಿ, 'ಚ್ಮಾ' ಎಂದು, ಈ ಶಬ್ದ ಹಾರಾಡುತ್ತಿದೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವಿರಬೇಕೆಂದು ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ 1786ರಲ್ಲೇ ಹೇಳಿದ್ದ.

ಇಷ್ಟನ್ನೂ ಮನೆಯವಳ ಮುಂದೆ ಬಿಚ್ಚಿಟ್ಟೆ. ಅವಳು ಕೇಳಿದ್ದು ಒಂದೇ ಮಾತು: "ಕರೆಂಟ್ ಹೋದಾಗ ನೀವು ಎಂದರ 'ತಮಸ್ಸಾತು' ಅಂದೀರೇನ್ರಿ?"

ಯಾರು ಅನ್ನುತ್ತಾರೆ? ತಮಸ್ಸು ನಮ್ಮಲ್ಲಿ ಮಂತ್ರಕ್ಕೆ, ಭಾಷಣಕ್ಕೆ. ಕರೆಂಟು ಹೋದರೆ ಆಗುವುದು 'ಕತ್ತಲಿ'. ಅದರ ಬಳಗವೇ ಬೇರೆ. ಹಳಗನ್ನಡದಲ್ಲಿ ಅದು 'ಕೞ್ತಲೆ'. ತುಳುವಿನಲ್ಲಿ ಇಂದಿಗೂ 'ಕತ್ತಲೆ'. ನಾವು ರಾತ್ರಿಗೆ ಅನ್ನುವ 'ಇರುಳು' ತಮಿಳರಿಗೆ ಕತ್ತಲೆ. ದಕ್ಷಿಣದ ಈ ನುಡಿಗಳ ಕುಲ ಸಂಸ್ಕೃತದ್ದಲ್ಲವೆಂದು ಮದ್ರಾಸಿನಲ್ಲಿ ಎಲ್ಲಿಸ್ ತೋರಿಸಿದ್ದು 1816ರಲ್ಲಿ. ಕಿಟೆಲ್ಲನ 1894ರ ನಿಘಂಟಿನಲ್ಲಿ ತಮಸ್ಸಿಗೂ ಕತ್ತಲೆಗೂ ಎಡೆಯುಂಟು. ನಮ್ಮ ಅಡುಗೆಮನೆಯಲ್ಲಿ ಕತ್ತಲೆಗೆ ಮಾತ್ರ.

ನೆಂಟಸ್ತಿಕೆ ಬೇರೆ, ಬಳಕೆ ಬೇರೆ. 'ತ್ಮಾ' ಮೊಮ್ಮಗಳಿಗೆ ಗೆಳತಿಯರಿಂದ ಬಂದಿದೆ, ಅದು ಉಳಿಯುತ್ತದೆ. 'ಕತ್ತಲಿ' ಮಾತ್ರ ಮನೆಯವರ ಬಾಯಿಂದಲೇ ಅವಳ ಕಿವಿಗೆ ಬೀಳಬೇಕು. ಮಗ, ಸೊಸೆ ಇಬ್ಬರೂ ದುಡಿಯುವವರು. ನಮಗೆ ಸಿಕ್ಕುವುದು ರವಿವಾರದ ಹತ್ತು ನಿಮಿಷ, ಅದೂ ನಾವಿಬ್ಬರು ಮುದುಕರು ಇರುವ ತನಕ.

ಈಗ ಆ ಹತ್ತು ನಿಮಿಷದಲ್ಲಿ ನಾನು ಭಾಷಾಶಾಸ್ತ್ರ ತೆಗೆಯುವುದಿಲ್ಲ. ಅವಳ ಅಜ್ಜಿ ಕತ್ತಲಿಗೆ ಹೆದರುವ ಗುಮ್ಮನ ಕತೆ ಹೇಳುತ್ತಾಳೆ. ಕತೆ ಪ್ರತಿ ವಾರವೂ ಅದೇ; 'ಕತ್ತಲಿ' ಎನ್ನುವ ಮಾತು ಮಾತ್ರ ವಾರದಿಂದ ವಾರಕ್ಕೆ ಹೆಚ್ಚು ಸಲ ಬರುತ್ತದೆ.