12022, ಹೆಸರು ವಿಜಯ್

ಉಸಿರು ಬಿಗಿಹಿಡಿಯಿರಿ. ಚಿಮಟದ ತುದಿಯಲ್ಲಿ ಕೂದಲಿಗಿಂತ ತುಸು ದಪ್ಪದ ತಾಮ್ರದ ತಂತಿಯಿದೆ. ಅದನ್ನು ಮುಂದಿನ ಚಕ್ರದ ಎದುರು, ಹಳಿಗೆ ತಾಗಿಯೂ ತಾಗದಂತೆ ಕೂರಿಸಬೇಕು. ಕುಂಬ್ರದಲ್ಲಿ ಆಟಿಯ ಮಳೆ. ಹಂಚಿನ ಮೇಲಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿಲ್ಲ. ಒದ್ದೆ ಅಡಿಕೆ ತೋಟದ ವಾಸನೆಗೆ ಅಂಟಿನ ಘಾಟು ಬೆರೆತು ಗಂಟಲು ಕೆರೆಯುತ್ತದೆ.

“ಕರೆಂಟು ಈಗ ಹೋಗ್ತದೆ, ಬೇಗ ಮುಗಿಸು ಮಗಾ,” ಒಳಗಿನಿಂದ ಅಮ್ಮನ ದನಿ.

ಮೇಜಿನ ಮೇಲೆ ಹೆಚ್ಚುಕಡಿಮೆ ಒಂದು ಗೇಣುದ್ದದ ಡೀಸೆಲ್ ಎಂಜಿನ್ ನಿಂತಿದೆ. ಡಬ್ಲ್ಯುಡಿಜಿ-4, ಅಸಲಿನ ಎಂಬತ್ತೇಳನೇ ಒಂದು ಪಾಲು. ಈ ಅಳತೆಗೆ ಅಂಗಡಿಯಲ್ಲಿ ಸಿಗುವ ಹಳಿಯ ಅಗಲ 16.5 ಮಿ.ಮೀ. ಅದು ಯುರೋಪು, ಅಮೆರಿಕದ 1,435 ಮಿ.ಮೀ. ಹಳಿಗೆ ಸರಿ. ನಮ್ಮ ಬ್ರಾಡ್‌ಗೇಜ್ 1,676. ಲೆಕ್ಕ ಹಾಕಿದರೆ 19.3 ಮಿ.ಮೀ. ಬೇಕು. ಸಿಕ್ಕಿದ್ದನ್ನೇ ಕೊಂಡಿದ್ದರೆ ಕೆಲಸ ಎಷ್ಟೋ ಹಗುರ. ಆದರೆ ಕಾಲು ಕೂಡಿಸಿ ನಿಂತ ಎಂಜಿನ್ ನಿಮ್ಮ ಕಣ್ಣಿಗೆ ಒಗ್ಗಲಿಲ್ಲ. ಹಾಗಾಗಿ ಪ್ರತಿ ಅಚ್ಚು, ಪ್ರತಿ ಸ್ಲೀಪರ್ ಕೈಯಲ್ಲೇ ಆಗಿದೆ. ಅದರ ಬೆಲೆ ನಿಮ್ಮ ಕುತ್ತಿಗೆಗೆ ಗೊತ್ತು.

ಈಗ ಈ ತಂತಿ. ಇದು ಮರಳಿನ ಕೊಳವೆ. ಬಿಟ್ಟರೂ ನೋಡುವವರಿಗೆ ಗೊತ್ತಾಗದು. ಬೆರಳು ಸೋತಿದೆ, ಕಣ್ಣು ಉರಿಯುತ್ತಿದೆ. ಬಿಡುವುದೋ, ಕೂರಿಸುವುದೋ?

ತೀರ್ಮಾನಿಸುವ ಮೊದಲು ಕಣ್ಣು ಮುಚ್ಚಿ ನೆಟ್ಟಣಕ್ಕೆ ಬನ್ನಿ.

ಸುಬ್ರಹ್ಮಣ್ಯ ರೋಡ್ ನಿಲ್ದಾಣ. 1979ರಲ್ಲಿ ಮೀಟರ್‌ಗೇಜ್ ಆಗಿ ತೆರೆದ ಈ ದಾರಿ ಬ್ರಾಡ್‌ಗೇಜ್ ಆಗಿ 2006ರಲ್ಲಿ ಮತ್ತೆ ಗೂಡ್ಸ್ ರೈಲುಗಳಿಗೆ ತೆರೆದುಕೊಂಡಿದೆ. ಇಲ್ಲಿಂದ ಸಕಲೇಶಪುರಕ್ಕೆ ಸುಮಾರು 55 ಕಿ.ಮೀ., 57 ಸುರಂಗ, 109 ಸೇತುವೆ. ಐವತ್ತು ಅಡಿ ಹೋದರೆ ಒಂದು ಅಡಿ ಏರು. ನೀವು ಲೋಕೊ ಪೈಲಟ್‌ನ ಹಿಂದೆ ನಿಂತಿದ್ದೀರಿ. ಹದಿನಾರು ಸಿಲಿಂಡರುಗಳ ಎರಡು-ಸ್ಟ್ರೋಕ್ ಎಂಜಿನ್ನಿನ ಮೊರೆತ ಕಿವಿಗಿಂತ ಮೊದಲು ಅಂಗಾಲಿಗೆ ಬರುತ್ತದೆ, ಮೊಣಕಾಲಿಗೆ ಹತ್ತುತ್ತದೆ, ಹಲ್ಲಿನ ಬುಡದಲ್ಲಿ ನಿಲ್ಲುತ್ತದೆ. ಸಿರಿಬಾಗಿಲು ದಾಟುತ್ತೀರಿ. ಸುರಂಗ ನುಂಗುತ್ತದೆ. ಹೊಗೆ ಛಾವಣಿಗೆ ಬಡಿದು ಕೆಳಗಿಳಿದು ಕಣ್ಣಲ್ಲಿ ನೀರು ತರಿಸುತ್ತದೆ.

ಸುರಂಗದ ಬಾಯಲ್ಲಿ ಮಳೆ. ಹಳಿಯ ಮೇಲೆ ಕೊಳೆತ ಎಲೆ, ಕೆಸರಿನ ಜಿಡ್ಡು. ಮೊರೆತದ ದನಿ ತಟ್ಟನೆ ಬದಲಾಗುತ್ತದೆ. ಚಕ್ರ ತಿರುಗುತ್ತಿದೆ, ರೈಲು ಅಷ್ಟೇ ಮುಂದೆ ಹೋಗುತ್ತಿಲ್ಲ. ಜಾರುತ್ತಿದೆ. ವೇಗ ಇಳಿಯುತ್ತಿದೆ. ಬೆನ್ನ ಹಿಂದೆ ಇಡೀ ರೈಲಿನ ಭಾರ. ಎಡಕ್ಕೆ ಬಂಡೆ, ಬಲಕ್ಕೆ ಪಾತಾಳ. ಇಲ್ಲಿ ನಿಂತರೆ ಮತ್ತೆ ಎತ್ತುವುದು ಹೇಗೆ? ನಿಮ್ಮ ಹೊಟ್ಟೆ ತಣ್ಣಗಾಗುತ್ತದೆ. ಎಂಜಿನ್ನಿನ ಅಡಿಯ ರೇಡಾರ್ ನೆಲದ ನಿಜವಾದ ವೇಗ ಅಳೆಯುತ್ತದೆ. ಕಂಪ್ಯೂಟರ್ ಮೋಟಾರುಗಳ ಬಲವನ್ನು ಕ್ಷಣಕ್ಷಣಕ್ಕೂ ತಿದ್ದುತ್ತದೆ. ಕೆಳಗೆ ಗಾಳಿ ಸುಂಯ್ಯೆನ್ನುತ್ತದೆ. ಮರಳು! ಚಕ್ರದಡಿ ಕರಕರ ಅರೆಯುವ ಸದ್ದು. ಒಂದು ಅಲುಗು, ಇನ್ನೊಂದು. ಚಕ್ರ ಹಳಿಯನ್ನು ಕಚ್ಚುತ್ತದೆ. ಹಿಂದೆ ಬ್ಯಾಂಕರ್ ಎಂಜಿನ್ ಒತ್ತುತ್ತದೆ. ನಡೆದುಹೋಗುವವನ ವೇಗದಲ್ಲಿ ರೈಲು ಎಡಕುಮೇರಿಯ ಕಡೆ ಏರುತ್ತದೆ. ಲೋಕೊ ಪೈಲಟ್ ಮಾತಾಡುವುದಿಲ್ಲ. ಅಂಗೈ ಪ್ಯಾಂಟಿಗೆ ಒರೆಸಿಕೊಳ್ಳುತ್ತಾರೆ.

ಈ ಹಿಡಿತ ನಮಗೆ ಸುಮ್ಮನೆ ಬಂದದ್ದಲ್ಲ. ವಾರಾಣಸಿಯ ಡೀಸೆಲ್ ಲೋಕೊಮೋಟಿವ್ ವರ್ಕ್ಸ್ 1964ರಿಂದ ಕಟ್ಟುತ್ತಿದ್ದದ್ದು ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸದ ಎಂಜಿನ್. 1995ರಲ್ಲಿ ಜನರಲ್ ಮೋಟಾರ್ಸ್ ಜೊತೆ ತಂತ್ರಜ್ಞಾನ ಕಲಿಸಿಕೊಡುವ ಒಪ್ಪಂದವಾಯಿತು. 1999ರಿಂದ 13 ಡಬ್ಲ್ಯುಡಿಜಿ-4 ಎಂಜಿನ್ ಸಿದ್ಧವಾಗಿಯೇ ಬಂದವು, 8 ಬಿಡಿಭಾಗಗಳಾಗಿ ಬಂದವು. ಅವುಗಳ ಮನೆ ನಮ್ಮ ಹುಬ್ಬಳ್ಳಿ ಶೆಡ್. ಇಪ್ಪತ್ತೊಂದು ಆದ ಮೇಲೆ ಇಪ್ಪತ್ತೆರಡನೆಯದನ್ನು ನಾವೇ ಕಟ್ಟಿದೆವು. ನಂಬರು 12022, ಬಲ 4,000 ಅಶ್ವಶಕ್ತಿ, ತೂಕ 126 ಟನ್. 2002ರ ಜುಲೈ 31ರಂದು ಅದು ಸೇವೆಗೆ ಬಂದಾಗ ಹೆಸರು ‘ವಿಜಯ್’. ಕಲಿತ ಕೈಗಳು ತಾವೇ ಮಾಡಿ ನಿಲ್ಲಿಸಿದ ಮೊದಲ ಕೆಲಸಕ್ಕೆ ಇಟ್ಟ ಹೆಸರು ಅದು. ವಾರಾಣಸಿಯ ಆ ಕಾರ್ಖಾನೆ ಇಂದು ವಿದ್ಯುತ್ ಎಂಜಿನ್ ಕಟ್ಟುತ್ತದೆ. ಅದರ ಹೆಸರೂ ಬದಲಾಗಿದೆ. ಕಟ್ಟಿದವರ ಕೆಲಸವನ್ನು ನೆನಪಿಡುವ ಹೊಣೆ ಇನ್ನು ಇಂಥ ಮೇಜುಗಳ ಮೇಲೂ ಇದೆ.

ಕಣ್ಣು ತೆರೆಯಿರಿ. ತಂತಿಯನ್ನು ಬಿಡುವ ಮಾತೇ ಇಲ್ಲ. ಅಂಟಿನ ಒಂದು ಹನಿ. ಚಿಮಟ ನಡುಗುತ್ತದೆ, ಮಣಿಕಟ್ಟನ್ನು ಮೇಜಿಗೊತ್ತಿ ನಿಲ್ಲಿಸುತ್ತೀರಿ. ಒಂದು, ಎರಡು, ಮೂರು. ಹಿಡಿಯಿತು.

ಈಗ ಅಕ್ಷರಗಳು. ನೀರಲ್ಲಿ ನೆನೆದ ತೆಳು ಹಾಳೆಯಿಂದ 12022 ಜಾರಿ ಮೈಗೆ ಕೂರುತ್ತದೆ. ಹೆಸರನ್ನು ಕನ್ನಡದಲ್ಲೇ ಮುದ್ರಿಸಿಕೊಂಡಿದ್ದೀರಿ. ಈ ಎಂಜಿನ್ ನಿಮ್ಮ ಘಾಟಿ ಹತ್ತಬೇಕಾದದ್ದು. ಹರಿದರೆ ಮತ್ತೊಂದಿಲ್ಲ. ಕುಂಚದ ತುದಿಯಿಂದ ನೀರನ್ನು ಹೊರಕ್ಕೆ ದೂಡಿ, ಇನ್ನೂ ಸ್ವಲ್ಪ, ಬಲಕ್ಕೆ, ಸಾಕು. ವಿಜಯ್.

ಮೀಟರುದ್ದದ ಹಲಗೆಯ ಒಂದು ತುದಿಗೆ ಎರಡು ಸೆಂ.ಮೀ. ದಪ್ಪದ ಪುಸ್ತಕ ಕೊಡಿ. ಐವತ್ತಕ್ಕೆ ಒಂದು, ಸಕಲೇಶಪುರದ್ದೇ ಏರು. ಹಿಂದೆ ಎಂಟು ವ್ಯಾಗನ್ ಜೋಡಿಸಿ, ಗುಂಡಿ ತಿರುಗಿಸಿ. ಹತ್ತಿ ತೋರಿಸಲಿ.